ಲಾಲಮ್ಮ ಒಲ್ಲೆಂದ ಹೆಡ್‌ಫೋನುಗಳು

ಮೊಬೈಲ್ ಫೋನ್ ಕಂಡುಹಿಡಿದವನು ಎದುರು ಸಿಕ್ಕಿದ್ದರೆ ಲಾಲಮ್ಮ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಮನುಷ್ಯರ ದನಿಯನ್ನು ಕಬ್ಬಿನಂತೆ ಅಗಿದು, ರಸವೆಲ್ಲ ತಾನೇ ನುಂಗಿ, ಸಿಪ್ಪೆಯನ್ನಷ್ಟೇ ಕಿವಿಗೆ ಉಗುಳುವ ದರಿದ್ರ ಯಂತ್ರ ಎಂದು ಅದನ್ನು ದಿನಕ್ಕೊಮ್ಮೆಯಾದರೂ ಬೈಯುತ್ತಿದ್ದಳು. ಬೈಯುವ ಹಕ್ಕು ಆಕೆಗಿತ್ತು. ಶಹಾಪುರದ ಬಳಿಯ ಒಂದು ಕಾಲುವೆ ಕ್ಯಾಂಪಿನಲ್ಲಿ ಮೂವತ್ತು ವರ್ಷ ಟೆಲಿಫೋನ್ ಆಪರೇಟರಾಗಿ ದುಡಿದು ನಿವೃತ್ತಳಾದ ಹೆಂಗಸು. ಹಾಲುಗಲ್ಲದ ವಯಸ್ಸಿನಲ್ಲಿ ಮೈಲಿಬೇನೆ ಬಂದು ಎರಡೂ ಕಣ್ಣು ಹೋಗಿದ್ದವು. ಮುಖವೆಂದರೆ ಏನೆಂದು ಆಕೆಗೆ ಗೊತ್ತಿರಲಿಲ್ಲ. ಗೊತ್ತಿದ್ದುದೆಲ್ಲ ದನಿ.

ಕೃಷ್ಣೆಯ ನೀರು ಕಾಲುವೆಯಲ್ಲಿ ಹರಿದು ಬರುವುದಕ್ಕೂ ಮೊದಲೇ ಕಾಲುವೆಯ ಮಾತು ಲಾಲಮ್ಮನ ಕಿವಿಯಲ್ಲಿ ಹರಿದಿತ್ತು. ಕಲಬುರಗಿಯ ಅಂಧ ಮಕ್ಕಳ ಶಾಲೆಯಲ್ಲಿ ಓದಿ, ಹೈದರಾಬಾದಿನಲ್ಲಿ ಆಪರೇಟರ್ ತರಬೇತಿ ಮುಗಿಸಿ ಬಂದವಳನ್ನು ಒಂದು ತಗಡಿನ ಕೋಣೆಯಲ್ಲಿ ಬೋರ್ಡಿನ ಮುಂದೆ ಕೂರಿಸಿದರು. ಎಲ್ಲಿಗೆ ಸಿಮೆಂಟ್ ಹೋಗಬೇಕು, ಯಾವ ಗೇಟು ಎಷ್ಟು ಎತ್ತಬೇಕು, ಯಾವ ಊರಿನವರು ರಾತ್ರೋರಾತ್ರಿ ದಂಡೆ ಕಡಿದು ನೀರು ತಿರುಗಿಸಿಕೊಂಡಿದ್ದಾರೆ, ಯಾವ ಸಾಹೇಬರ ಹೆಂಡತಿ ಸಿಟ್ಟಾಗಿ ತವರಿಗೆ ಹೋಗಿದ್ದಾಳೆ, ಎಲ್ಲವೂ ಆಕೆಯ ಹೆಡ್‌ಸೆಟ್ಟಿನ ಮೂಲಕವೇ ಹಾದುಹೋಗಬೇಕಿತ್ತು. ಹೆಡ್‌ಸೆಟ್ ಎಂದರೆ ಈಗಿನ ಹುಡುಗರು ತಲೆಗೆ ಏರಿಸಿಕೊಂಡು ಮೆರೆಯುವಂಥದ್ದಲ್ಲ. ಒಂದು ಕಬ್ಬಿಣದ ಪಟ್ಟಿ, ಅದರ ತುದಿಗೆ ಒಂದೇ ಒಂದು ಕರಿ ಬಟ್ಟಲು, ಬಟ್ಟಲಿಗೆ ಸ್ಪಂಜು. ನಮ್ಮ ಕಡೆಯ ಬೇಸಿಗೆ ಗೊತ್ತೇ ಇದೆ. ಬೆವರು ಕುಡಿದು ಕುಡಿದು ಆ ಸ್ಪಂಜು ಹಳಸಿದ ಅಂಬಲಿಯಂತೆ ನಾರುತ್ತಿತ್ತು. ಲಾಲಮ್ಮ ರಜೆ ಹಾಕಿದ ದಿನ ಬದಲಿಗೆ ಕೂತವರ ತಲೆಯೆಣ್ಣೆಯ ಜಿಡ್ಡು ಬೇರೆ. ಪ್ರತಿ ಬೆಳಿಗ್ಗೆ ಅದನ್ನು ಸೆರಗಿನಿಂದ ಒರೆಸಿ, ಮೂಗು ಮುರಿದು, ಏರಿಸಿಕೊಳ್ಳುವಳು. ಏರಿಸಿಕೊಂಡ ಮೇಲೆ ಮಾತ್ರ ಆಕೆ ರಾಣಿ.

ಎದುರಿನವರು ಹಲೋ ಎನ್ನುವ ಮೊದಲು ಎಳೆದುಕೊಳ್ಳುವ ಉಸಿರಿನಿಂದಲೇ ಯಾರೆಂದು ಹೇಳುತ್ತಿದ್ದಳು. ಹತ್ತು ವರ್ಷದ ಹಿಂದೆ ವರ್ಗವಾಗಿ ಹೋದ ಎಂಜಿನಿಯರ್ ಒಬ್ಬರು ಬೆಳಗಾವಿಯಿಂದ ಫೋನ್ ಮಾಡಿದಾಗ, ಹೆಸರು ಹೇಳುವ ಮೊದಲೇ “ಮಗಳ ಲಗ್ನ ಆಯ್ತೇನ್ರಿ ಸಾಹೇಬ್ರ?” ಎಂದು ಕೇಳಿದ್ದಳಂತೆ. ಆದರೆ ಕೇಳುವ ಶಕ್ತಿ ಇದ್ದವರಿಗೆ ಹೇಸಿಗೆಯೂ ಹೆಚ್ಚು. ಪಕ್ಕದ ಕೋಣೆಯಲ್ಲಿ ಕೂತೇ “ನಾ ಸೈಟಿಗೆ ಹೋಗೀನಿ ಅಂತ ಹೇಳು” ಎನ್ನುವವರ ದನಿ, ಮೇಲಿನವರೊಂದಿಗೆ ಮಾತಾಡುವಾಗ ನುಣ್ಣಗಾಗಿ ಕೆಳಗಿನವರೊಂದಿಗೆ ಬೊಗಳುವ ಅದೇ ದನಿ, ಬಾಯಿತುಂಬ ಗುಟಕಾ ಇಟ್ಟುಕೊಂಡು ಗೊಳಗೊಳ ಎನ್ನುವ ಗುತ್ತಿಗೆದಾರರ ದನಿ. ದಿನವಿಡೀ ಇವನ್ನೆಲ್ಲ ಕಿವಿಗೆ ಸುರಿದುಕೊಂಡು ಸಂಜೆ ಮನೆಗೆ ಬಂದವಳು ಮೊದಲು ಬಚ್ಚಲಿಗೆ ಹೋಗಿ ಕಿವಿ ತೊಳೆದುಕೊಂಡು ಆಮೇಲೆ ಊಟಕ್ಕೆ ಕೂರುವಳು.

ಇಷ್ಟರ ನಡುವೆ ಹೇಸಿಗೆ ತರದ ದನಿ ಒಂದೇ ಒಂದಿತ್ತು. ಅದು ಅಮೃತಮ್ಮನದು. ಅಮೃತಮ್ಮ ಡ್ಯಾಮಿನ ಕಡೆಯ ಎಕ್ಸ್‌ಚೇಂಜಿನ ಆಪರೇಟರ್. ಒರಟು ಗಂಟಲು, ಮಾತಿಗೊಮ್ಮೆ ಬೈಗುಳ, ಸುಳ್ಳಿನ ಸೋಂಕಿಲ್ಲ. ಇಬ್ಬರೂ ಎದುರುಬದುರಾಗಿ ಕೂತದ್ದು ಕಡಿಮೆ, ತಂತಿಯ ಮೇಲೆ ಮಾತಾಡಿದ್ದು ದಿನವೂ. ಮೊಬೈಲು ಬಂದು ಎಕ್ಸ್‌ಚೇಂಜು ಮುಚ್ಚಿ, ಇಬ್ಬರನ್ನೂ ಆಫೀಸಿನ ಮೂಲೆಯ ಕುರ್ಚಿಗಳಿಗೆ ಎಸೆದ ಮೇಲೂ ಅವರ ಮಾತು ನಿಂತಿರಲಿಲ್ಲ. ನಿವೃತ್ತಿಯಾಗಿ ಲಾಲಮ್ಮ ಶಹಾಪುರದಲ್ಲಿ ತಂಗಿ ಬಸ್ಸಮ್ಮನ ಮನೆ ಸೇರಿಕೊಂಡ ಮೇಲೂ ನಿಂತಿರಲಿಲ್ಲ.

ಹೋದ ದೀಪಾವಳಿಯ ಮುಂದೆ ಒಂದು ದಿನ ಹೊಸ ನಂಬರಿನಿಂದ ಫೋನ್ ಬಂತು.

“ಏನ್ ನಡಸೀದಿ?” ಎಂದಿತು ದನಿ.

“ಯಾರ್ರಿ ನೀವು?” ಎಂದಳು ಲಾಲಮ್ಮ.

ಆ ಕಡೆ ನಗು. “ಯಾರಂತ ನೀನ ಹೇಳು ನೋಡೋಣು.”

ಲಾಲಮ್ಮ ಫೋನನ್ನು ಬಲಗಿವಿಗೆ ಒತ್ತಿ ಹಿಡಿದಳು. ಯಾವುದೋ ಹೆಂಗಸು, ಅಷ್ಟೇ ಗೊತ್ತಾಯಿತು. ಸಾಲ ಕೊಡುತ್ತೇವೆ, ಇನ್ಶೂರೆನ್ಸ್ ಮಾಡಿಸಿ ಎಂದು ಪೀಡಿಸುವವಳಿರಬೇಕು ಎಂದುಕೊಂಡು “ನಂಬರ್ ತಪ್ಪೇದ, ಇಡ್ರಿ” ಎಂದು ಇಟ್ಟುಬಿಟ್ಟಳು. ಮತ್ತೆ ಬಂತು. ಈ ಸಲ ನಗು ಇರಲಿಲ್ಲ.

“ಲಾಲೀ, ನಾ ಅಮೃತಾ.”

ಲಾಲಮ್ಮ ಗಡಬಡಿಸಿ “ನನ್ನ ಫೋನ್ ಖರಾಬ ಆಗ್ಯಾದ ಅಮೃತಾ, ಯಾರ ದನಿನೂ ಬರೋಬರಿ ಬರವಲ್ದು” ಎಂದಳು. “ಹಂಗೇನು” ಎಂದಳು ಅಮೃತಮ್ಮ. ಆ ಒಂದು ಮಾತಿನ ಒಣಕಲುತನ ಎಷ್ಟೋ ದಿನ ಲಾಲಮ್ಮನನ್ನು ಬಿಡಲಿಲ್ಲ.

ಕಣ್ಣಿಲ್ಲದವಳಿಗೆ ಕಿವಿಯೂ ಕೈಕೊಟ್ಟರೆ ಉಳಿಯುವುದೇನು? ಗೋಡೆ ಹಿಡಿದು ನಡೆಯುವುದು, ಯಾರೋ ತುತ್ತು ಕೊಟ್ಟಾಗ ಬಾಯಿ ತೆರೆಯುವುದು. ಆದ್ದರಿಂದ ತಪ್ಪು ಯಂತ್ರದ್ದೇ ಆಗಬೇಕಿತ್ತು. ಈ ಹಾಳು ಮೊಬೈಲಿನ ಬಾಯಿಂದ ಬರುವ ದನಿ ಸಿಪ್ಪೆ, ಸರಿಯಾದ ಹೆಡ್‌ಫೋನ್ ಒಂದು ಸಿಕ್ಕರೆ ಅಮೃತಾಳ ದನಿ ಮೊದಲಿನಂತೆ ಕೇಳಿಸುತ್ತದೆ, ಕೇಳಿಸಿದರೆ ಕಿವಿ ನೆಟ್ಟಗಿದೆ ಎಂದರ್ಥ ಎಂದು ಆಕೆ ತೀರ್ಮಾನಿಸಿದಳು. ಹೆಡ್‌ಫೋನ್ ಹುಡುಕುವ ಹುಚ್ಚು ಹತ್ತಿದ್ದು ಹೀಗೆ.

ಬಸ್ಸಮ್ಮನ ಮಗ ಮರಿಲಿಂಗಪ್ಪ ಸುರಪುರದ ಕಡೆ ಕಾಲುವೆ ನೀರಿನ ಮೇಲೆ ಭತ್ತ ಬೆಳೆಯುವವನು, ಒಳ್ಳೆಯವನು, ಆತುರಗಾರ. ದೊಡ್ಡವ್ವನ ಗೋಳು ಕೇಳಿದವನೇ ತನ್ನ ಕಿವಿಯಲ್ಲಿದ್ದ ಇಯರ್‌ಫೋನಿನ ಗುಂಡಿಗಳನ್ನು ಕಿತ್ತು ಆಕೆಯ ಅಂಗೈಗೆ ಹಾಕಿದ.

“ಇದು ಕಿವ್ಯಾಗ ತುರುಕ್ಕೊ ದೊಡ್ಡವ್ವ, ಮುಗೀತು.”

ಬೆರಳಿಗೆ ಏನೋ ಅಂಟಿತು. ಲಾಲಮ್ಮ ಮೂಸಿದಳು. “ನಿನ್ನ ಕಿವಿ ಗುಗ್ಗಿ ನನ್ನ ಕಿವ್ಯಾಗ ಹಾಕಾಕತ್ತೀಯೇನೋ, ಹೇಸಿಮೂಳ” ಎಂದು ಅವನ್ನು ಅಂಗಳಕ್ಕೆ ಎಸೆದಳು. ಅವನು ಅರ್ಧ ತಾಸು ಮಣ್ಣಿನಲ್ಲಿ ಹುಡುಕಿದ.

ಆಮೇಲೆ ಅವನೇ ಯಾದಗಿರಿಯ ಒಂದು ದೊಡ್ಡ ಅಂಗಡಿಗೆ ಕರೆದೊಯ್ದ. ಒಳಗೆ ಕಾಲಿಟ್ಟರೆ ಅತ್ತರಿನ ವಾಸನೆ, ಏಸಿಯ ಚಳಿ, ಎದೆಗೆ ಗುದ್ದುವ ಹಾಡು. ಅಂಗಡಿಯವನು ತೋರಿಸಲಿಕ್ಕೆಂದು ಇಟ್ಟಿದ್ದ ಹೆಡ್‌ಫೋನನ್ನು ಕೇಳದೆಯೇ ಆಕೆಯ ತಲೆಗೆ ಏರಿಸಿದ. ಊರಿನ ಹುಡುಗರೆಲ್ಲ ಹಾಕಿ ಬಿಟ್ಟದ್ದು. ಕಿವಿಗೆ ಕೂರುವ ಗಾದಿಯ ರೆಕ್ಸಿನ್ ಕಿತ್ತು ಚಕ್ಕೆ ಚಕ್ಕೆಯಾಗಿ ಕೆನ್ನೆಗೆ ಅಂಟಿತು.

“ಬೇಸ್ ಸದ್ದು ನೋಡ್ರಿ ಆಂಟಿ, ಎದಿ ನಡುಗ್ತದ.”

“ನನಗ ಎದಿ ನಡುಗೂದು ಬ್ಯಾಡಪ. ಮಾತು ತಿಳೀಬೇಕು” ಎಂದು ಲಾಲಮ್ಮ ತನ್ನ ಮೊಬೈಲನ್ನು ಮುಂದೆ ಹಿಡಿದಳು. ಪರೀಕ್ಷೆಗೆ ಆಕೆ ಇಟ್ಟುಕೊಂಡಿದ್ದು ಹಾಡಲ್ಲ. ಆ ದೀಪಾವಳಿಯ ಮರುದಿನ ಅಮೃತಮ್ಮ ಕಳಿಸಿದ್ದ ಧ್ವನಿ ಸಂದೇಶ. ‘ಮೂವತ್ತು ವರ್ಷದ ದನಿ ಮರೆತ ಮೂಳಿ’ ಎಂದು ಶುರುವಾಗಿ, ಹಳೆಯ ಸಾಹೇಬರುಗಳನ್ನೆಲ್ಲ ಜಾಲಾಡಿ, ‘ನಿನ್ನ ಫೋನ್ ಕಾಲುವಿಗೆ ಒಗಿ’ ಎಂದು ಮುಗಿಯುವ ಉದ್ದನೆಯ ಬೈಗುಳ. ಅಂಗಡಿಯ ಹೆಡ್‌ಫೋನಿನಲ್ಲಿ ಅದು ಕಾಳು ತುಂಬುವ ಹಗೇವಿನೊಳಗೆ ಇಳಿದು ಮಾತಾಡಿದಂತೆ ಕೇಳಿಸಿತು. ಪಕ್ಕದಲ್ಲಿ ಯಾರೋ ನಕ್ಕರು. ಲಾಲಮ್ಮ ಕೆನ್ನೆಗೆ ಅಂಟಿದ ರೆಕ್ಸಿನ್ ಚಕ್ಕೆಗಳನ್ನು ಒಂದೊಂದಾಗಿ ಕಿತ್ತು ಗಾಜಿನ ಕೌಂಟರಿನ ಮೇಲೆ ಇಟ್ಟು ಹೊರಬಂದಳು. ಶಹಾಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುಖ ಒರೆಸಿಕೊಂಡದ್ದೇ ಒರೆಸಿಕೊಂಡದ್ದು.

ಕೊನೆಗೆ ಜಮಾಲಸಾಬನೇ ಗತಿಯಾದ. ಜಮಾಲಸಾಬ ಕ್ಯಾಂಪಿನಲ್ಲಿ ಲೈನ್‌ಮನ್ ಆಗಿದ್ದವನು. ಎಕ್ಸ್‌ಚೇಂಜು ಮುಚ್ಚಿದ ಮೇಲೆ ಶಹಾಪುರದಲ್ಲಿ ರೇಡಿಯೋ, ಟಿವಿ, ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿದ್ದ. ಲಾಲಮ್ಮನನ್ನು ಅಕ್ಕಾ ಎಂದು ಕರೆಯುವುದೂ, ಆಕೆಯ ಬೈಗುಳ ತಿನ್ನುವುದೂ ಅವನಿಗೆ ಹಳೆಯ ಅಭ್ಯಾಸ. ಅವನು ತರಿಸಿಕೊಟ್ಟ ಮೊದಲನೆಯ ಹೆಡ್‌ಫೋನು ಒಂದು ವಾರ ಆಕೆಯ ಬಳಿ ಇತ್ತು. “ಬಲಗಡಿ ಮಂದ ಅದ” ಎಂದು ವಾಪಸ್ ಕಳಿಸಿದಳು. ಎರಡನೆಯದಕ್ಕೂ ಅದೇ ದೂರು. ಅಮೃತಾ ನಟ್ಟನಡುವೆ ನಿಂತು ಬೈಯಬೇಕಾದವಳು ಎಡಕ್ಕೆ ವಾಲಿಕೊಂಡು ಬೈಯುತ್ತಿದ್ದಾಳೆ, ಎಂಥ ಕೊಳಕು ಮಾಲು ತರಿಸುತ್ತೀಯೋ ಎಂದು ಫೋನಿನಲ್ಲೇ ಜಾಡಿಸಿದಳು. ಜಮಾಲಸಾಬ ಎರಡು ದಿನ ಈ ಕಡೆ ಸುಳಿಯಲಿಲ್ಲ. ಮೂರನೆಯ ದಿನ ತಾನೇ ಮನೆಗೆ ಬಂದ.

“ಅಕ್ಕಾ, ಇಲ್ಲಿಮಟ ನೀವು ಹಾಕ್ಕೊಂಡಿದ್ದೆಲ್ಲ ಬಟ್ಟಲು ಜಾತಿಯವು. ಒಂದು ಸಣ್ಣ ಬಟ್ಟಲು, ಅದರ ಹಿಂದ ತಂತಿ ಸುರುಳಿ. ಸುರುಳಿ ನಡುವ ದಬ್ತದ, ಅಂಚಿನ್ಯಾಗ ಬಟ್ಟಲು ಒದ್ದಾಡ್ತದ. ಪ್ಲೇನಾರ್ ಅಂತ ಬ್ಯಾರೆ ಜಾತಿ ಒಂದದ. ಈರುಳ್ಳಿ ಪೊರಿಗಿಂತ ತೆಳ್ಳನ ಹಾಳಿ, ಹಾಳಿ ತುಂಬ ತಂತಿ ಗೀಟು, ಆಕಡಿ ಈಕಡಿ ಮ್ಯಾಗ್ನೆಟ್. ಹಾಳಿ ಪೂರಾ ಒಮ್ಮಿಗೇ ಅಲಗಾಡ್ತದ. ಮಾತು ಬಾಳ ಸಾಫ ಬರ್ತಾವ್ರಿ.”

“ಸಾಹುಕಾರ್ರು ಕೊಳ್ಳೋ ಮಾಲು ಇರಬೇಕು ಅದು.”

“ಮೊದಲ ಇತ್ರಿ. ಈಗ ಚೀನಾದವ್ರು ಅಗ್ಗ ಮಾಡ್ಯಾರ. ನಿಮ್ಮ ಪಿಂಚಣಿಗೆ ಭಾರ ಆಗಂಗಿಲ್ಲ.”

ಹೈದರಾಬಾದಿನಲ್ಲಿ ಅವನ ಅಳಿಯನದು ಇಂಥ ಮಾಲಿನದೇ ಅಂಗಡಿ. ನೋಡಿ ವಾಪಸ್ ಕೊಡುವ ಮಾತಿನ ಮೇಲೆ ಎರಡು ಬಂದವು. ಲಾಲಮ್ಮ ಮೊದಲನೆಯದನ್ನು ಕೈಗೆತ್ತಿಕೊಂಡಳು. ಒಳ್ಳೆ ಹಂಚಿನ ತೂಕ. ಗಾದಿಗೆ ಹೊಸ ಚಪ್ಪಲಿ ಅಂಗಡಿಯ ವಾಸನೆ. ತಲೆಗೆ ಏರಿಸಿದರೆ ಕತ್ತು ಮುಂದಕ್ಕೆ ಜೋತುಬಿತ್ತು. “ನೀರಿನ ಕೊಡ ಹೊರಸಾಕ ತಂದೀಯೇನು” ಎಂದು ಇಳಿಸಿಟ್ಟಳು. ಎರಡನೆಯದು ಹಗುರ. ಗಾದಿಗೆ ಬಟ್ಟೆಯ ಹೊದಿಕೆ, ಅಗಲ ಪಟ್ಟಿ, ಎಡಗಡೆಯ ಬಟ್ಟಲಿನ ಮೇಲೆ ಬೆರಳಿಗೆ ಸಿಗುವಂಥ ಸಣ್ಣ ಚುಕ್ಕಿ. ಬಟ್ಟಲಿನ ಬೆನ್ನಿಗೆ ಮುಚ್ಚಳವಿರದೆ ಬರೀ ಜಾಳಿಗೆ ಇತ್ತು. ಬೆವರಿಗೆ ಗಾಳಿಯಾಡುತ್ತದೆ, ಆದರೆ ಒಳಗಿನ ಸದ್ದು ಹೊರಗಿನವರಿಗೂ ಕೇಳಿಸುತ್ತದೆ ಎಂದು ಜಮಾಲಸಾಬ ಎಚ್ಚರಿಸಿದ. ನಾರುವ ಸ್ಪಂಜಿನಲ್ಲಿ ಬದುಕು ಕಳೆದವಳಿಗೆ ಗಾಳಿಯೇ ದೊಡ್ಡದಾಗಿ ಕಂಡಿತು. ಅದನ್ನೇ ಇಟ್ಟುಕೊಂಡಳು.

ಮೊಬೈಲಿಗೆ ಚುಚ್ಚಿದರೆ ಅಮೃತಮ್ಮ ಮೂರು ದಿನದಿಂದ ಉಪವಾಸವಿದ್ದವಳಂತೆ ಮಾತಾಡಿದಳು. ದನಿ ಪೂರ್ತಿ ಏರಿಸಿದರೂ ಅಷ್ಟೇ.

“ಈ ಹಾಳಿ ಅಲಗಾಡಬೇಕಂದ್ರ ಕರೆಂಟ್ ಬಾಳ ಬೇಕ್ರಿ. ಮೊಬೈಲಿಗೆ ಆ ತಾಕತ್ತಿಲ್ಲ. ಆಂಪ್ಲಿಫಾಯರ್ ಬೇಕು” ಎಂದು ಜಮಾಲಸಾಬ ತಲೆ ಕೆರೆದುಕೊಂಡ. ಎಂಥದ್ದು ಎಂದು ವಿಚಾರಿಸಿ ನಾಳೆ ಹೇಳುವುದಾಗಿ ಹೋದ. ಅದನ್ನು ಕೇಳಿಸಿಕೊಂಡ ಮರಿಲಿಂಗಪ್ಪ ನಾಳೆಯವರೆಗೆ ಕಾಯುವ ಗಿರಾಕಿಯಲ್ಲ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಬೈಕು ನಿಂತಿತು. ಏನನ್ನೋ ಹೊತ್ತು ತಂದು ಟೇಬಲ್ ಮೇಲೆ ಇಟ್ಟ. ಟೇಬಲ್ ಕಿರ್ರೆಂದಿತು.

“ಏನೋ ಅದು?”

“ಆಂಪ್ಲಿಫಾಯರ್. ಬೋನಾಳದಾಗ ನಮ್ಮ ದೋಸ್ತಂದು ಮೈಕ್‌ಸೆಟ್ ಅದ. ಲಗ್ನದ ಸೀಜನ್ ಇಲ್ಲ, ಇಟ್ಕೊ ಅಂದ. ನಾಕು ಹಾರ್ನ್ ಎಳೀತದ, ನಿನ್ನ ತಲಿ ಮ್ಯಾಗಿನ ಟೋಪಿಗೆ ಕಮ್ಮಿ ಬೀಳ್ತದೇನು?”

ನಮ್ಮ ಕಡೆ ಆಂಪ್ಲಿಫಾಯರ್ ಎಂದರೆ ಅದೇ. ಮದುವೆಗೂ, ಜಯಂತಿಗೂ, ಎಲೆಕ್ಷನ್ನಿಗೂ ಅದೊಂದೇ ಪೆಟ್ಟಿಗೆ. ಬೇರೊಂದು ಇದೆಯೆಂದು ಅವನಿಗಾದರೂ ಹೇಗೆ ಹೊಳೆಯಬೇಕು? ಲಾಲಮ್ಮ ಅದರ ಮೇಲೆ ಕೈಯಾಡಿಸಿದಳು. ಎಣ್ಣೆಯ ಜಿಡ್ಡು, ಜಿಡ್ಡಿಗೆ ಅಂಟಿದ ಧೂಳು, ಒಣಗಿದ ಚೆಂಡುಹೂವಿನ ಪಕಳೆ, ಯಾವ ಹಬ್ಬದಲ್ಲೋ ಮೆತ್ತಿದ ಕುಂಕುಮದ ಹೆಪ್ಪು. ಗಾಳಿಯಾಡುವ ತೂತಿನಿಂದ ಜಿರಳೆಯೊಂದು ಹೊರಬಿದ್ದು ಆಕೆಯ ಮಣಿಕಟ್ಟಿನ ಮೇಲೆ ಹರಿಯಿತು. ಥೂ, ಆ ಹರಿದಾಟವನ್ನು ನೆನೆದರೆ ಈಗಲೂ ಆಕೆಗೆ ಮೈ ಜುಂ ಎನ್ನುತ್ತದೆ. ಆಕೆ ಕೈ ಕೊಡವಿಕೊಳ್ಳುತ್ತಿದ್ದರೆ ಮರಿಲಿಂಗಪ್ಪ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡುತ್ತಿದ್ದ. ಹೆಡ್‌ಫೋನಿನ ಪಿನ್ನು ಹೋಗುವಂಥ ತೂತು ಅದರಲ್ಲಿ ಇರಲಿಲ್ಲ, ಹಾರ್ನಿನ ತಂತಿ ಬಿಗಿಯುವ ಸ್ಕ್ರೂಗಳಷ್ಟೇ ಇದ್ದವು. ಅವನು ಜೇಬಿನಿಂದ ಬ್ಲೇಡು ತೆಗೆದ. ಪಿನ್ನು ಕತ್ತರಿಸಿ ತಂತಿ ಬಿಚ್ಚಿ ಬಿಗಿದರಾಯಿತು ಎಂದುಕೊಂಡ.

“ಏ ಮರಿಲಿಂಗ, ಕೈ ತೆಗಿ” ಎಂದು ಬಾಗಿಲಲ್ಲಿ ಜಮಾಲಸಾಬನ ದನಿ ಕೇಳಿಸಿತು.

“ಜೈಭೀಮ್ ಜಮಾಲಣ್ಣ. ಯಾಕ?”

“ಅದು ಹಾರ್ನಿಗೆ ಕೊಡೂ ಕರೆಂಟು. ಹಚ್ಚಿದ್ರ ಹಾಳಿ ಸುಟ್ಟು ಕರಕಾಗ್ತದ. ಹಾಳಿ ಹೋದ್ರ ಬ್ಯಾರೆ ಬರ್ತದ. ನಿಮ್ಮ ದೊಡ್ಡವ್ವನ ಕಿವಿ ಹೋದ್ರ ಎಲ್ಲಿಂದ ತರ್ತಿ?”

ಮರಿಲಿಂಗಪ್ಪ ಬ್ಲೇಡನ್ನು ಜೇಬಿಗಿಳಿಸಿದ. ಹಾಗೆ ಬಾಯಿಬಿಟ್ಟು ಆ ಮಾತನ್ನು ಮನೆಯಲ್ಲಿ ಯಾರೂ ಅದುವರೆಗೆ ಆಡಿರಲಿಲ್ಲ. ಲಾಲಮ್ಮ ಎದ್ದು ಹೋಗಿ ಸಾಬೂನು ಹಚ್ಚಿ ಕೈ ತೊಳೆದುಕೊಂಡಳು, ಮತ್ತೆ ಬಂದು ಮತ್ತೆ ಹೋಗಿ ತೊಳೆದುಕೊಂಡಳು.

ಸರಿಯಾದ ಆಂಪ್ಲಿಫಾಯರಿನಲ್ಲೂ ಎರಡು ಬಗೆ ಎಂದ ಜಮಾಲಸಾಬ. ಒಂದು, ಮೊಬೈಲಿಗೆ ಬಾಲದಂತೆ ಜೋತುಬೀಳುವ ಬೆರಳುದ್ದದ್ದು. ಅಗ್ಗ, ಎಲ್ಲಿಗಾದರೂ ಒಯ್ಯಬಹುದು, ಆದರೆ ಈ ಹಾಳೆಗೆ ಅದರ ಬಲ ಅಷ್ಟಕ್ಕಷ್ಟೇ. ಇನ್ನೊಂದು, ಟೇಬಲ್ ಮೇಲೆ ಕೂರುವ ಅಂಗೈಯಗಲದ ಪೆಟ್ಟಿಗೆ. ಕರೆಂಟಿಗೆ ಚುಚ್ಚಬೇಕು, ಬಲ ಧಾರಾಳ. ಮೊದಲನೆಯದರಲ್ಲಿ ದನಿ ಏರಿಸುವುದಕ್ಕೆ ಮೊಬೈಲಿನ ಗಾಜನ್ನೇ ತೀಡಬೇಕೆಂದು ಕೇಳಿ ಲಾಲಮ್ಮ ಮುಖ ಸಿಂಡರಿಸಿದಳು. ಗಾಜು ತೀಡುವುದೆಂದರೆ ಆಕೆಗೆ ಸತ್ತ ಮೀನಿನ ಮೈ ಸವರಿದಂತೆ, ಎಲ್ಲಿ ಮುಟ್ಟಿದರೂ ಒಂದೇ. ಪೆಟ್ಟಿಗೆಗೆ ಗಟ್ಟಿಯಾದ ಗುಂಡಿ ಇತ್ತು. ತಿರುವಿದರೆ ಎಷ್ಟು ತಿರುವಿದೆನೆಂದು ಬೆರಳಿಗೆ ತಿಳಿಯುತ್ತಿತ್ತು. “ಇದು ಮನಷ್ಯಾರು ಮಾಡಿದ ಸಾಮಾನು” ಎಂದಳು. ಆ ವರ್ಷ ಯಾವ ಯಂತ್ರಕ್ಕೂ ಆಕೆ ಅಷ್ಟು ದೊಡ್ಡ ಮಾತು ಹೇಳಿರಲಿಲ್ಲ.

ಗುಂಡಿ ತಿರುವಿ, ಬೈಗುಳದ ಸಂದೇಶ ಹಚ್ಚಿದಾಗ ಲಾಲಮ್ಮ ಬೆಚ್ಚಿಬಿದ್ದಳು. ಅಮೃತಮ್ಮ ಕೋಣೆಯೊಳಗೆ ಬಂದು ನಿಂತಿದ್ದಳು. ಕಟ್ಟಿಸಿಕೊಂಡ ಹಲ್ಲು ಮಾತಿನ ನಡುವೆ ಟಕ್ಕೆನ್ನುವುದು, ಬೈಗುಳದ ಮುನ್ನ ಎಳೆದುಕೊಳ್ಳುವ ಉಸಿರು, ಹಿಂದೆಲ್ಲೋ ತಿರುಗುವ ಫ್ಯಾನು, ‘ಮೂಳಿ’ ಎನ್ನುವಾಗ ಗಂಟಲಲ್ಲಿ ಸಿಕ್ಕಿಕೊಂಡ ನಗು. ನಗುತ್ತಲೇ ಬೈದಿದ್ದಳು ಅಮೃತಾ. ಇಷ್ಟು ದಿನ ಅದು ನಗು ಎಂದೇ ಗೊತ್ತಾಗಿರಲಿಲ್ಲ.

ಅಡುಗೆಮನೆಯಿಂದ ಬಸ್ಸಮ್ಮ ಕೂಗಿದಳು. “ಅಕ್ಕಾ, ಆ ಬಾಯಿ ನಿನಗ ಬೈಯೂದು ನನಗೂ ಕೇಳಾಕತ್ತದ. ಸಣ್ಣ ಮಾಡು.”

ಸಂತೋಷ ಒಂದು ಸಂಜೆಯ ಮಟ್ಟಿಗಿತ್ತು. ಮರುದಿನ ಸಮಾಧಾನದಿಂದ ಕೂತು ಕೇಳಿದಾಗ ಅಮೃತಮ್ಮ ನಡುವೆ ನಿಂತಿರಲಿಲ್ಲ. ಎಡಕ್ಕೆ ಸರಿದಿದ್ದಳು. ಹಲ್ಲಿನ ಟಕ್ಕು, ಉಸಿರು, ನಗು ಎಲ್ಲ ಎಡಗಡೆಯಿಂದಲೇ. ಬಲಗಡೆ ಬರುತ್ತಿದ್ದುದು ಬರೀ ಗುಂಯ್ ಎನ್ನುವ ಮಬ್ಬು. ಲಾಲಮ್ಮನಿಗೆ ಸಿಟ್ಟು ನೆತ್ತಿಗೇರಿತು. ಚೀನಾದವರನ್ನೂ, ಹೈದರಾಬಾದಿನ ಅಳಿಯನನ್ನೂ, ಜಮಾಲಸಾಬನನ್ನೂ ಒಂದೇ ಉಸಿರಿನಲ್ಲಿ ತೊಳೆದಳು. ಜಮಾಲಸಾಬ ಹೆಡ್‌ಫೋನನ್ನು ಡಬ್ಬಿಯಲ್ಲಿ ಕಟ್ಟಿ ಒಯ್ದ. ಅಳಿಯ ಅದೇ ಮಾದರಿಯ ಹೊಸದೊಂದನ್ನು ಕಳಿಸಿದ.

ಹೊಸದು ಬಂದ ಮಧ್ಯಾಹ್ನ ಬಸ್ಸಮ್ಮ ಸಂತೆಗೆ ಹೋಗಿದ್ದಳು. ಜಮಾಲಸಾಬ ಸ್ಟೂಲು ಎಳೆದುಕೊಂಡು ಲಾಲಮ್ಮನ ಬಲಗಡೆ ಕುಳಿತ. ಆಕೆ ಸಂದೇಶ ಹಚ್ಚಿದಳು. ಸ್ವಲ್ಪ ಹೊತ್ತಿಗೇ ಹೆಡ್‌ಫೋನ್ ಇಳಿಸಿದಳು.

“ಇದೂ ಬಲಗಡಿ ಸತ್ತದ.”

ಜಮಾಲಸಾಬ ಖಾಲಿ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ.

“ಎರಡಕ್ಕೂ ಒಂದೇ ಕಡಿ ರೋಗ ಬರ್ತದೇನು? ಇದು ಹೆಡ್‌ಫೋನಿಂದಲ್ಲ. ನಿನ್ನ ಆಂಪ್ಲಿಫಾಯರ್ ಒಂದು ಕಡಿ ಹೋಗೇದ. ವಾಯರ್ ಅದಲಿಬದಲಿ ಮಾಡು, ಗೊತ್ತಾಗ್ತದ.”

ಲೈನು ಕೆಟ್ಟಿದೆಯೋ ಫೋನು ಕೆಟ್ಟಿದೆಯೋ ತಿಳಿಯದಿದ್ದಾಗ ಎಕ್ಸ್‌ಚೇಂಜಿನಲ್ಲಿ ಮಾಡುತ್ತಿದ್ದುದು ಇಷ್ಟೇ. ಕೆಟ್ಟ ಜೋಡಿಯನ್ನು ಒಳ್ಳೆಯ ಜೋಡಿಯ ಜಾಗಕ್ಕೆ ಹಚ್ಚುವುದು. ರೋಗ ತಂತಿಯ ಜೊತೆ ಹೋದರೆ ತಪ್ಪು ತಂತಿಯದು, ಇದ್ದಲ್ಲೇ ಉಳಿದರೆ ತಪ್ಪು ಆ ತುದಿಯದು. ಜಮಾಲಸಾಬ ಸಾವಿರ ಸಲ ಮಾಡಿದ ಕೆಲಸ.

“ಬ್ಯಾಡ್ರಿ ಅಕ್ಕಾ. ಇದನ್ನೂ ವಾಪಸ್ ಮಾಡ್ತೀನಿ. ಬ್ಯಾರೆ ಕಂಪನಿದು ತರಿಸೋಣು.”

ಲಾಲಮ್ಮ ಅವನ ಕಡೆ ಮುಖ ತಿರುಗಿಸಿದಳು. ಅವನ ಮಾತಿನಲ್ಲಿ ಏನೋ ಮುಚ್ಚುಮರೆ ಇತ್ತು. “ನೀ ಮಾಡಂಗಿಲ್ಲಂದ್ರ ನಾ ಮಾಡ್ತೀನಿ” ಎಂದು ಎರಡೂ ಬಟ್ಟಲುಗಳಿಂದ ತಂತಿಯ ಪಿನ್ನು ಕಿತ್ತಳು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಚುಚ್ಚಿದಳು. ತಪ್ಪು ಆಂಪ್ಲಿಫಾಯರಿನದಾಗಿದ್ದರೆ ಮಬ್ಬು ಈಗ ಎಡಕ್ಕೆ ಬರಬೇಕು. ಹಾಕಿಕೊಂಡು ಕೇಳಿದಳು.

ಮಬ್ಬು ಬಲಗಡೆಯೇ ಇತ್ತು.

ಹಾಗಾದರೆ ತಪ್ಪು ಬಟ್ಟಲಿನದೇ ಸರಿ. ಲಾಲಮ್ಮ ಹೆಡ್‌ಫೋನ್ ಇಳಿಸಿ, ಚುಕ್ಕಿಯಿರುವ ಎಡದ ಬಟ್ಟಲನ್ನು ಹೆಬ್ಬೆರಳಿನಿಂದ ಹುಡುಕಿ, ಇಡೀ ಹೆಡ್‌ಫೋನನ್ನೇ ಹಿಂದುಮುಂದಾಗಿ ತಿರುವಿ ಹಾಕಿಕೊಂಡಳು. ಚುಕ್ಕಿ ಈಗ ಬಲಗಿವಿಯ ಮೇಲಿತ್ತು. ಇಷ್ಟು ಹೊತ್ತು ಎಡಗಿವಿಗೆ ಹಲ್ಲಿನ ಟಕ್ಕಿನವರೆಗೂ ಕೇಳಿಸಿದ ಬಟ್ಟಲು ಅದು. ‘ಮೂವತ್ತು ವರ್ಷದ ದನಿ ಮರೆತ ಮೂಳಿ’ ಎಂದಳು ಅಮೃತಮ್ಮ, ಎಡಗಡೆಯಿಂದ. ಚುಕ್ಕಿಯ ಬಟ್ಟಲು ಗುಂಯ್ ಎಂದಿತು.

ಲಾಲಮ್ಮ ಸಂದೇಶವನ್ನು ಕೊನೆಯವರೆಗೂ ಕೇಳಿದಳು. ಬೆರಳುಗಳು ಗುಂಡಿಯ ಮೇಲೆ ಹಾಗೇ ಇದ್ದವು. ಆಮೇಲೆ ಹೆಡ್‌ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, ಬಲಗಿವಿಯನ್ನು ಅಂಗೈಯಿಂದ ಉಜ್ಜತೊಡಗಿದಳು, ಏನೋ ಹೊಲಸು ಮೆತ್ತಿಕೊಂಡಿದೆ ಎಂಬಂತೆ. ಆ ಕಬ್ಬಿಣದ ಪಟ್ಟಿಯ ಹೆಡ್‌ಸೆಟ್ಟು ಮೂವತ್ತು ವರ್ಷ ಕೂತಿದ್ದು ಆ ಕಿವಿಯ ಮೇಲೆಯೇ. ಸಾಹೇಬರ ಬೊಗಳಾಟ, ಗುಟಕಾದ ಗೊಳಗೊಳ, ಗುಡುಗು ಸಿಡಿಲಿನ ದಿನ ತಂತಿಯಲ್ಲಿ ಬಂದು ಅಪ್ಪಳಿಸುತ್ತಿದ್ದ ಚಟಾರ್, ಎಲ್ಲ ಬಿದ್ದದ್ದು ಅದೇ ಕಿವಿಗೆ. ಕಿವಿ ಕೆಂಪಾಗುವವರೆಗೂ ಉಜ್ಜಿದಳು.

“ಎಷ್ಟು ದಿನ ಆಯ್ತು ನಿನಗ ಗೊತ್ತಾಗಿ?”

“ಏನ್ರಿ ಅಕ್ಕಾ?”

“ಜಮಾಲ.”

ಅವನು ಸ್ಟೂಲನ್ನು ಹತ್ತಿರಕ್ಕೆ ಸರಿಸಿಕೊಂಡ. “ಎರಡನೇದು ವಾಪಸ್ ಕೊಟ್ರಲ್ರಿ, ಅವಾಗ. ಅಂಗಡ್ಯಾಗ ನಾ ಹಾಕ್ಕೊಂಡು ನೋಡಿದೆ. ಎರಡೂ ಕಡಿ ಬರೋಬರಿ ಇತ್ತು. ಆಮ್ಯಾಲ ಮನಿಗೆ ಬಂದಾಗ ನೋಡಿದೆ. ನಾ ಈ ಕಡಿ ಕುಂತು ಮಾತಾಡಿದ್ರ ನೀವು ಮಾರಿ ಹೊಳ್ಳಿಸಿ ಎಡಗಿವಿ ಕೊಡ್ತೀರಿ.”

“ಮತ್ತ ಇಷ್ಟೆಲ್ಲ ಯಾಕ ತರಿಸಿದಿ?”

“ನೀವು ಮಿಷನ್ನಿಗೆ ಬೈಯಾಕತ್ತಿದ್ರಿ. ಬೈದ್ರ ಮಿಷನ್ನಿಗೇನು ನೋವು ಅಂತ ಸುಮ್ಮನಿದ್ದೆ.”

ಲಾಲಮ್ಮನಿಗೆ ಅವನ ಕರುಣೆಯ ಮೇಲೆ ಅಸಹ್ಯ ಉಕ್ಕಿತು. ಬಾಲ್ಯದಿಂದ ಆಕೆ ಯಾವುದನ್ನಾದರೂ ದ್ವೇಷಿಸಿದ್ದರೆ ಅದು ಕರುಣೆಯನ್ನು. ಪಾಪ ಎಂದವರ ಮನೆಯಲ್ಲಿ ನೀರು ಕುಡಿದವಳಲ್ಲ. ಬಾಯಿಗೆ ಬಂದದ್ದು ಬೈಯಬೇಕೆಂದುಕೊಂಡಳು. ಬೈಗುಳ ಬರಲಿಲ್ಲ. ಇವನು ಇಷ್ಟು ತಿಂಗಳು ಬೈಸಿಕೊಂಡ, ಹೈದರಾಬಾದಿನಿಂದ ಹೊತ್ತು ತಂದ, ವಾಪಸ್ ಹೊತ್ತ. ಆ ಬೈಗುಳವೆಲ್ಲ ಸಲ್ಲಬೇಕಾದದ್ದು ತನ್ನ ತಲೆಯ ಪಕ್ಕದಲ್ಲೇ ಅಂಟಿಕೊಂಡಿದ್ದ ಈ ಹೊಲಸಿಗೆ.

“ಕಲಬುರಗ್ಯಾಗ ಕಿವಿ ಡಾಕ್ಟರ್ ಅದಾರ್ರಿ” ಎಂದ ಜಮಾಲಸಾಬ ಮೆಲ್ಲಗೆ. “ಎಡಗಡೀದರ ಉಳಿಸ್ಕೋಬೇಕಲ್ರಿ.”

“ಏನಂದಿ?”

“ಡಾಕ್ಟರ್ ಕಡಿ ಹೋಗೋಣು ಅಂದೆ.”

“ಹೋಗೋಣು.”

“ಅಮೃತಮ್ಮೋರಿಗೆ ಏನ್ ಹೇಳ್ತೀರಿ?”

ಅವನ ಮಾತು ಲಾಲಮ್ಮನಿಗೆ ಪೂರ್ತಿ ಕೇಳಿಸಿರಲಿಲ್ಲ. ಕೇಳಿಸಿಲ್ಲ ಎಂದು ಆಕೆ ಅದುವರೆಗೆ ಯಾರ ಮುಂದೆಯೂ ಒಪ್ಪಿಕೊಂಡವಳಲ್ಲ. ಕಿವಿ ಉಜ್ಜುವುದನ್ನು ಬಿಟ್ಟು, ಮಡಿಲಿನ ಹೆಡ್‌ಫೋನನ್ನು ಟೇಬಲ್ ಮೇಲೆ ಇಟ್ಟಳು.

“ಆ ಕಡಿಂದ ಕೇಳವಲ್ದು ಜಮಾಲ” ಎಂದಳು. “ಎದ್ದು ಈ ಕಡಿ ಬಂದು ಕುಂದ್ರು.”

ಜಮಾಲಸಾಬ ಎದ್ದು, ಸ್ಟೂಲು ಎತ್ತಿಕೊಂಡು, ಆಕೆಯ ಎಡಗಡೆ ಬಂದು ಕುಳಿತ.